ಡೋಸ್ ಮೀರಿದ ಹುಲ್ಲು

ಇಪ್ಪತ್ತೆರಡು ವರ್ಷಗಳಿಂದ ನನ್ನ ಔಷಧಿ ಅಂಗಡಿಯಲ್ಲಿ ನಿಂತು ನಾನು ಬಂದವರಿಗೆಲ್ಲ ಹೇಳುತ್ತಿರುವುದು ಒಂದೇ ಮಾತು: "ಚೀಟೀಲಿ ಬರೆದಷ್ಟೇ ತಗೊಳ್ಳಿ. ಬೇಗ ವಾಸಿ ಆಗ್ಲಿ ಅಂತ ಎರಡೆರಡು ನುಂಗಬೇಡಿ." ಈ ಮಾತನ್ನು ದಪ್ಪ ಅಕ್ಷರಗಳಲ್ಲಿ ಬರೆಸಿ ಅಂಗಡಿಯ ಗೋಡೆಗೂ ತಗುಲಿಹಾಕಿದ್ದೇನೆ. ಆ ಬೋರ್ಡು ಒಂದು ದಿನ ನನ್ನ ತಲೆಯ ಮೇಲೆಯೇ ಬೀಳುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಎಲ್ಲಕ್ಕೂ ಕಾರಣ ಪಕ್ಕದ ಮನೆಯ ಹಲ್ಲಿನ ಡಾಕ್ಟರು. (ಆಗ ನಾನು ಹಾಗೆಂದೇ ತಿಳಿದಿದ್ದೆ.) ನಿವೃತ್ತರಾಗಿ ಎಂಟು ತಿಂಗಳ ಹಿಂದೆ ಈ ಬೀದಿಗೆ ಬಂದವರು ಮನೆ ಮುಂದೆ ಲಾನ್ ಮಾಡಿಸಿದರು. ಅದೇನು ಹಸಿರು ಅಂತೀರಿ! ಬಿಸಿಲಿಗೆ ಬಾಡಲಿಲ್ಲ, ಮಳೆಗೆ ಕೊಳೆಯಲಿಲ್ಲ. ಒಂದೇ ಒಂದು ಎಸಳು ಹಳದಿಯಾಗಲಿಲ್ಲ. ಅದರ ಪಕ್ಕದಲ್ಲಿ ನಮ್ಮ ಲಾನ್ ಹಳದಿಗಟ್ಟಿ ಹಳೇ ಕಾಲೊರಸಿನಂತೆ ಬಿದ್ದುಕೊಂಡಿತ್ತು. ಡಾಕ್ಟರು ದಿನಾ ಬೆಳಿಗ್ಗೆ ಪೈಪು ಹಿಡಿದು ಅದಕ್ಕೆ ನೀರು ಹಾಯಿಸುತ್ತಿದ್ದರು. ಬೇಲಿಯ ಈಚೆ ನಿಂತ ನನಗೆ ಹೊಟ್ಟೆಯುರಿ. (ನಮ್ಮ ಅಂಗಡಿಯದೇ ಮಾತ್ರೆ ನುಂಗಿದೆ. ಒಂದೇ.)

ಕೊನೆಗೆ ಒಂದು ಚೀಲ ರಸಗೊಬ್ಬರ ತಂದೆ. ಚೀಲದ ಹಿಂದೆ ಬರೆದದ್ದನ್ನು ಅಕ್ಷರ ಬಿಡದೆ ಓದಿದೆ. ಹೇಳಿದ ಅಳತೆ ಮೀರಬೇಡಿ, ಜೋರು ಮಳೆ ಬರುವಂತಿದ್ದರೆ ಹಾಕಬೇಡಿ, ದಾರಿಯ ಮೇಲೆ ಬಿದ್ದ ಕಾಳುಗಳನ್ನು ಗುಡಿಸಿ ಮತ್ತೆ ಹುಲ್ಲಿಗೇ ಹಾಕಿ. ಡಾಕ್ಟರುಗಳ ಕೈಬರಹವನ್ನೇ ಓದುವ ನನಗೆ ಅಚ್ಚಿನ ಅಕ್ಷರ ಯಾವ ಲೆಕ್ಕ? ಆದರೆ ಓದಿದ ಮೇಲೆ ಅನ್ನಿಸಿತು, ಇದೆಲ್ಲ ಸಾಮಾನ್ಯ ಅಂಗಳಗಳಿಗೆ. ನಮ್ಮದು ಸೀರಿಯಸ್ ಕೇಸು.

ಹಾಗಾಗಿ ಒಂದು ಹಿಡಿ ಹಾಕಬೇಕಾದ ಕಡೆ ಎರಡು ಹಿಡಿ ಹಾಕಿದೆ. ವಾರ ಕಾದರೂ ಗುಣ ಕಾಣಲಿಲ್ಲ. ಇನ್ನೊಂದು ಚೀಲ ತಂದು ಮೂರು ಹಿಡಿ ಹಾಕಿದೆ; ಹುಲ್ಲು ಅಲ್ಲಲ್ಲಿ ಸುಟ್ಟಂತೆ ಕಂದಿತು. ಮೂರನೇ ಚೀಲವನ್ನು ಮಾತ್ರ ಬುದ್ಧಿ ಖರ್ಚು ಮಾಡಿ, ಆಕಾಶ ಕಪ್ಪಾಗುವುದನ್ನೇ ಕಾದು ಸುರಿದೆ. ನೀರು ಹಾಯಿಸುವ ಕೆಲಸ ಮಳೆರಾಯನಿಗೆ ವಹಿಸಿದಂತಾಯಿತಲ್ಲ! ಸಿಮೆಂಟ್ ದಾರಿಯ ಮೇಲೆ ಚೆಲ್ಲಿದ ಕಾಳುಗಳನ್ನು ಪೈಪಿನಲ್ಲಿ ತೊಳೆದು ಬೀದಿಯ ಮೋರಿಗೆ ಬಿಟ್ಟೆ. ಕತ್ತರಿಸಿದ ಹುಲ್ಲನ್ನೂ ಅಲ್ಲಿಗೇ ತಳ್ಳಿದೆ. ನಾನು ಶುಚಿಯ ಮನುಷ್ಯ.

"ಏನ್ರೀ, ಮಳೆ ಮುಂಚೆ ಹಾಕಬೇಡಿ ಅಂತ ಚೀಲದ ಮೇಲೇ ಬರೆದಿದೆಯಲ್ರೀ?" ಎಂದಳು ಹೆಂಡತಿ.

"ಡೋಸ್ ವಿಷಯ ನೀನು ನನಗೆ ಹೇಳಿಕೊಡ್ತೀಯಾ? ನೀನು ಈಜು ಹೇಳಿಕೊಡು, ಸಾಕು."

ಅವಳು ಈಜು ಹೇಳಿಕೊಡುವವಳೇ. ನಮ್ಮ ಬೀದಿಯ ತುದಿಗೊಂದು ಕೆರೆಯಿದೆ. ಅಲ್ಲಿ ಅವಳಿಗೆ ಹನ್ನೆರಡು ಶಿಷ್ಯೆಯರು, ಎಲ್ಲರೂ ಅರವತ್ತು ದಾಟಿದವರು. ಅವರಲ್ಲಿ ಹಿರಿಯ ಶಿಷ್ಯೆ ನನ್ನ ಅಮ್ಮ. ಜೀವಮಾನವೆಲ್ಲ ಮೊಣಕಾಲು ಮುಳುಗುವ ನೀರು ಕಂಡರೆ ಕಿರುಚುತ್ತಿದ್ದ ಅಮ್ಮ, ಅರವತ್ತೆಂಟನೇ ವಯಸ್ಸಿನಲ್ಲಿ ಸೊಸೆಯ ಕೈಹಿಡಿದು ತೇಲುವುದನ್ನು ಕಲಿತಿದ್ದಳು. ಮುಂದಿನ ವಾರದ ಭಾನುವಾರ ಮೊಟ್ಟಮೊದಲ ಬಾರಿಗೆ ಈ ದಡದಿಂದ ಆ ದಡಕ್ಕೆ ಈಜುವುದೆಂದು ನಿಶ್ಚಯವಾಗಿತ್ತು. ಬಂಧುಬಳಗಕ್ಕೆಲ್ಲ ಫೋನ್ ಹೋಗಿತ್ತು.

"ನಿಮ್ಮಪ್ಪ ಇದ್ದಿದ್ರೆ ಆ ದಡದಲ್ಲಿ ಟವೆಲ್ ಹಿಡ್ಕೊಂಡು ನಿಂತಿರ್ತಿದ್ರು. ಅವರ ಬದಲು ನೀನು ನಿಂತ್ಕೋ ಕಣೋ" ಎಂದಿದ್ದಳು ನನಗೆ.

ಮೂರು ದಿನ ಜೋರು ಮಳೆ ಹೊಡೆದು, ಆಮೇಲೆ ನಾಲ್ಕು ದಿನ ಸುಡುಬಿಸಿಲು ಕಾಯಿತು. ಭಾನುವಾರಕ್ಕೆ ಇನ್ನು ಮೂರೇ ದಿನ ಅನ್ನುವಾಗ ಹೆಂಡತಿ ಕೆರೆಯಿಂದ ಓಡುತ್ತಾ ಬಂದಳು. "ರೀ... ಕೆರೆ ಹೋಯ್ತು!"

ಕೆರೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಹೋಗಿ ನೋಡಿದರೆ, ನೀರೇ ಕಾಣುತ್ತಿಲ್ಲ! ಡಬ್ಬಗಟ್ಟಲೆ ಹಸಿರು ಬಣ್ಣ ಸುರಿದಂತೆ ಪಾಚಿ ದಪ್ಪಗೆ ಕಟ್ಟಿಕೊಂಡಿತ್ತು. ಗಬ್ಬು ವಾಸನೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ದಡದಲ್ಲಿ 'ನೀರಿಗೆ ಇಳಿಯಬೇಡಿ' ಎಂದು ಬೋರ್ಡು ನೆಟ್ಟಿದ್ದರು. ಬೋರ್ಡಿನ ಪಕ್ಕದಲ್ಲಿ ಶಿಷ್ಯೆಯರೆಲ್ಲ ಗುಂಪುಗೂಡಿದ್ದರು; ಅವರ ಮುಂದೆ ಅಮ್ಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಾತಿಲ್ಲದೆ ನಿಂತಿದ್ದಳು. ನಮ್ಮಮ್ಮ ಬೈದರೆ ನನಗೆ ಭಯವಿಲ್ಲ, ಮಾತು ನಿಲ್ಲಿಸಿದರೆ ಎದೆ ಒಡೆಯುತ್ತದೆ.

ರಬ್ಬರ್ ಬೂಟು ಹಾಕಿಕೊಂಡು ಬಾಟಲಿಗೆ ನೀರು ತುಂಬಿಕೊಳ್ಳುತ್ತಿದ್ದ, ನಗರಸಭೆಯಿಂದ ನೀರು ಪರೀಕ್ಷೆಗೆ ಬಂದಿದ್ದ ಹೆಂಗಸು ತಲೆಯೆತ್ತಿ ಹೇಳಿದಳು: "ಯಾರೋ ಲಾನಿಗೆ ಸಿಕ್ಕಾಪಟ್ಟೆ ಗೊಬ್ಬರ ಹಾಕಿದಾರೆ. ಮಳೇಲಿ ಕೊಚ್ಕೊಂಡು ಬಂದಿದೆ. ಹುಲ್ಲು ತಿಂದು ಮಿಕ್ಕಿದ್ದನ್ನ ಪಾಚಿ ತಿಂದಿದೆ."

ಲಾನು! ಗೊಬ್ಬರ! ನನ್ನ ರಕ್ತ ಕುದಿಯಿತು. ಅಷ್ಟು ಹಸಿರು ಹುಲ್ಲು ಸುಮ್ಮಸುಮ್ಮನೆ ಬಂದೀತೇ? "ಅಪರಾಧಿ ನಂಗೊತ್ತು, ಬನ್ನಿ!" ಎಂದು ಹನ್ನೆರಡೂ ಜನರನ್ನು, ಹೆಂಡತಿಯನ್ನು, ಆ ಪರೀಕ್ಷೆಯವಳನ್ನು ಕಟ್ಟಿಕೊಂಡು ಹಲ್ಲಿನ ಡಾಕ್ಟರ ಗೇಟಿಗೆ ದಂಡೆತ್ತಿ ಹೋದೆ.

"ಹೊರಗೆ ಬನ್ರೀ, ಜಲದ್ರೋಹಿ! ನಿಮ್ಮ ಹುಲ್ಲಿನ ಚಂದಕ್ಕೆ ಅರವತ್ತೆಂಟು ವರ್ಷದ ಮಾತೃಶ್ರೀಯವರ ಕನಸು ಪಾಚಿಗಟ್ಟಿತಲ್ರೀ! ಎಷ್ಟು ಚೀಲ ಸುರಿದ್ರಿ? ನಿಜ ಹೇಳಿ!"

ಡಾಕ್ಟರು ಹೊರಬಂದರು. ನನ್ನನ್ನೊಮ್ಮೆ ನೋಡಿದರು. ಬಗ್ಗಿ, ತಮ್ಮ ಲಾನಿನ ಮೂಲೆ ಹಿಡಿದು, ಚಾಪೆ ಎತ್ತುವ ಹಾಗೆ ಎತ್ತಿದರು. ಅಡಿಯಲ್ಲಿ ಸಿಮೆಂಟ್ ನೆಲ.

ನಾನು ಬಗ್ಗಿ ಮುಟ್ಟಿ ನೋಡಿದೆ.

"ಪ್ಲಾಸ್ಟಿಕ್ಕು ಸ್ವಾಮಿ" ಎಂದರು ಡಾಕ್ಟರು. "ನಲವತ್ತು ವರ್ಷ ಊರಿಗೆಲ್ಲ ಕಟ್ಟಿಸಿದ ಹಲ್ಲು ಕೂರಿಸಿದೆ. ಈಗ ನನ್ನ ಮನೆಗೆ ಕಟ್ಟಿಸಿದ ಹುಲ್ಲು."

"ಮ... ಮತ್ತೆ ದಿನಾ ನೀರು ಹಾಯಿಸ್ತಿದ್ರಲ್ಲ?"

"ಧೂಳು ತೊಳೀತಿದ್ದೆ."

ಎಂಟು ತಿಂಗಳು! ಎಂಟು ತಿಂಗಳು ನಾನು ಒಂದು ಚಾಪೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ! ಈ ಆಘಾತದಿಂದ ಚೇತರಿಸಿಕೊಳ್ಳುವ ಮೊದಲೇ ಹಿಂದಿನಿಂದ ಪರೀಕ್ಷೆಯವಳ ದನಿ ಕೇಳಿತು. ಅವಳು ನಮ್ಮ ಮನೆ ಮುಂದಿನ ಮೋರಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಕಂಬಿಯ ಸಂದಿನಲ್ಲಿ ಕೊಳೆತ ಹುಲ್ಲು, ಅದರೊಳಗೆ ಬಿಳಿ ಬಿಳಿ ಕಾಳು.

"ಈ ಮನೆ ಯಾರದ್ದು? ಈ ಮೋರಿ ನೀರು ಎಲ್ಲಿಗೆ ಹೋಗುತ್ತೆ ಗೊತ್ತಾ?"

"ಅದು... ಊರಾಚೆ... ಶುದ್ಧ ಮಾಡ್ತಾರಲ್ಲ, ಅಲ್ಲಿಗೆ..."

"ಅಲ್ಲಿಗೆ ಹೋಗೋದು ನಿಮ್ಮ ಬಚ್ಚಲ ನೀರು. ಇದು ಮಳೆನೀರಿನ ಮೋರಿ. ನೆಟ್ಟಗೆ ಕೆರೆಗೇ ಹೋಗುತ್ತೆ."

ಹೆಂಡತಿ ಒಳಗೆ ಹೋಗಿ ಮೂರು ಖಾಲಿ ಚೀಲ ತಂದು ಎಲ್ಲರ ಮುಂದೆ ಕೊಡವಿದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಇಡೀ ಬೀದಿಗೆ ಒಂದು ವರ್ಷಕ್ಕೆ ಸಾಕು ಇಷ್ಟು" ಎಂದಳು ಪರೀಕ್ಷೆಯವಳು.

ಆಗ ಅಮ್ಮ ಬಾಯಿಬಿಟ್ಟಳು. ನನ್ನ ಹತ್ತಿರ ಅಲ್ಲ, ಅವಳ ಹತ್ತಿರ. "ಕೆರೆ ಯಾವಾಗ ಸರಿಹೋಗುತ್ತಮ್ಮಾ?"

"ಗೊಬ್ಬರ ಬರೋದು ನಿಂತರೆ ಮುಂದಿನ ವರ್ಷದ ಹೊತ್ತಿಗೆ ಇಳೀಬಹುದೇನೋ ಅಜ್ಜಿ."

"ಆಗ ನಂಗೆ ಅರವತ್ತೊಂಬತ್ತು" ಎಂದು ಅಮ್ಮ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. ನನಗೆ ನಿಜವಾಗಿಯೂ ಅಳು ಬಂತು.

ಪರೀಕ್ಷೆಯವಳು ನನಗೊಂದು ಚೀಟಿ ಬರೆದುಕೊಟ್ಟಳು: ಮೊದಲು ಮಣ್ಣು ಪರೀಕ್ಷೆ ಮಾಡಿಸುವುದು, ಅದರಲ್ಲಿ ಬೇಕೆಂದು ಬಂದರೆ ಮಾತ್ರ ಗೊಬ್ಬರ. ಹತ್ತು ದಿನಕ್ಕೆ ವರದಿ ಬಂತು. ನಮ್ಮ ಮಣ್ಣಿಗೆ ಯಾವ ಕೊರತೆಯೂ ಇಲ್ಲವಂತೆ, ಇನ್ನು ಮೂರು ವರ್ಷ ಏನೂ ಹಾಕಬೇಕಿಲ್ಲವಂತೆ. ಮೊದಲು ಹಳದಿಯಾದದ್ದು ನಾನು ಬುಡಮಟ್ಟ ಕತ್ತರಿಸುತ್ತಿದ್ದುದಕ್ಕೆ, ಆಮೇಲೆ ಸುಟ್ಟದ್ದು ಗೊಬ್ಬರ ಹೆಚ್ಚಾಗಿದ್ದಕ್ಕೆ ಎಂದು ಪರೀಕ್ಷೆಯವಳು ಬಿಡಿಸಿ ಹೇಳಿದಳು. ಹೆಂಡತಿ ಆ ವರದಿಯನ್ನು ತಂದು ನನ್ನ ಅಂಗಡಿಯಲ್ಲಿ, ನನ್ನ ಬೋರ್ಡಿನ ಕೆಳಗೇ ಅಂಟಿಸಿದಳು.

ಪ್ರಾಯಶ್ಚಿತ್ತವೆಂದು ನಾನೇ ಹೇಳಿದೆ: ಕೆರೆ ತಿಳಿಯಾಗುವ ತನಕ ಈಜಿನ ಅಭ್ಯಾಸ ನಮ್ಮ ಲಾನಿನ ಮೇಲೇ ನಡೆಯಲಿ. ಹಾಗೆ ಮುಂದಿನ ಭಾನುವಾರ ಬೆಳಿಗ್ಗೆ ಹನ್ನೆರಡು ಅಜ್ಜಿಯರು ನನ್ನ ಹುಲ್ಲಿನ ಮೇಲೆ ಬೋರಲು ಮಲಗಿ ಕೈಕಾಲು ಬಡಿಯತೊಡಗಿದರು. ಎರಡು ನಿಮಿಷವೂ ಆಗಿರಲಿಲ್ಲ, ಅಮ್ಮ ಎದ್ದು ಕೂತಳು.

"ಲೋ, ಇದು ಹುಲ್ಲೇನೋ, ಮುಳ್ಳೇನೋ? ಚುಚ್ಚುತ್ತೆ!"

ಬೇಲಿಯಾಚೆಯಿಂದ ಡಾಕ್ಟರ ತಲೆ ಕಾಣಿಸಿತು. "ಇಲ್ಲಿ ಬನ್ನಿ ತಾಯಿ, ನಮ್ಮದು ಮೆತ್ತಗಿದೆ."

ಹನ್ನೆರಡೂ ಜನ ಹೊರಟರು. ಹಿಂದೆಯೇ ಅವರ ಗುರುವೂ. ನಾನು ಬೇಲಿಯ ಈಚೆ ಟವೆಲ್ ಹಿಡಿದು ನಿಂತೆ. ಅಮ್ಮ ಪ್ಲಾಸ್ಟಿಕ್ ಹುಲ್ಲಿನ ಈ ತುದಿಯಿಂದ ಆ ತುದಿಗೆ ತೆವಳಿಕೊಂಡು ದಾಟಿ, ತಲೆಯೆತ್ತಿ ನನ್ನನ್ನು ಕಂಡಳು.

"ಸುಮ್ನೆ ನಿಂತ್ಕೊಂಡು ಏನೋ ನೋಡ್ತೀಯಾ? ಇಲ್ಲಿ ಧೂಳಿದೆ, ಪೈಪ್ ತಗೊಂಡು ಬಾ!"

ಪೈಪು ಎಳೆದುಕೊಂಡು ಪಕ್ಕದ ಮನೆಗೆ ಹೋದೆ. ನಲ್ಲಿ ತಿರುಗಿಸುವಾಗ ಹೆಂಡತಿ ಹತ್ತಿರ ಬಂದು, ಥೇಟ್ ನಾನು ಅಂಗಡಿಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು.

"ಹೇಳಿದಷ್ಟೇ ಬಿಡ್ರೀ. ಬೇಗ ತೊಳೀಲಿ ಅಂತ ಎರಡರಷ್ಟು ಬಿಡಬೇಡಿ."