ಹಲಸಿನ ಮುಳ್ಳಿನ ಟೈರು

ನಾಲ್ಕು ಟೈರಿಗೆ ನಲವತ್ತೆಂಟು ಸಾವಿರ. ಅವು ತಾಗದ ಹಾಗೆ ಮಡ್‌ಗಾರ್ಡ್ ಕತ್ತರಿಸಲು ಎರಡು ಸಾವಿರ. ಕತ್ತರಿಸುವುದನ್ನು ನೋಡುತ್ತ ನಿಂತವರಿಗೆಲ್ಲ ಕೊಡಿಸಿದ ಚಹಾ, ಬನ್ನು ಬೇರೆ. ಇದಿಷ್ಟೂ ಒಂದು ಬಟ್ಟೆ ಒಗೆಯುವ ಮೆಷಿನ್ ಗೆಲ್ಲುವುದಕ್ಕೆ. ಅದೇ ಮೆಷಿನ್ ಸುಂಟಿಕೊಪ್ಪದ ಅಂಗಡಿಯಲ್ಲಿ ಇಪ್ಪತ್ತೆರಡು ಸಾವಿರಕ್ಕೆ ಸಿಗುತ್ತದೆಂದು ಗಾಳಿಬೀಡಿನ ನಾಣಯ್ಯನಿಗೆ ಯಾರೂ ಹೇಳಲಿಲ್ಲವೆಂದಲ್ಲ. ಹೆಂಡತಿ ಗಂಗಮ್ಮ ಹೇಳಿದ್ದಳು.

"ಮಳೆಗಾಲದಲ್ಲಿ ನಿಮ್ಮ ಪ್ಯಾಂಟು ಒಲೆ ಮೇಲೆ ನೇತುಹಾಕಿ ಹಾಕಿ ಸಾಕಾಯ್ತು. ಕೋಳಿ ಮಾರಿದ ದುಡ್ಡು ಡಬ್ಬಿಯಲ್ಲಿ ಉಂಟು. ಅಂಗಡಿಗೆ ಹೋಗಿ ಮೆಷಿನ್ ತನ್ನಿ, ಮುಗೀತು."

"ದುಡ್ಡು ಕೊಟ್ಟು ಯಾರು ಬೇಕಾದ್ರೂ ತರ್ತಾರೆ. ನಾನು ಗೆದ್ದು ತರ್ತೇನೆ, ನೋಡ್ತಿರು."

ಭಾನುವಾರ ಮಧ್ಯಾಹ್ನ ಸುಂಟಿಕೊಪ್ಪದ ಹತ್ತಿರದ ಗದ್ದೆಯಲ್ಲಿ ಕೆಸರು ಜೀಪಿನ ಓಟ. ಮೆಷಿನ್ನೇ ಮೊದಲ ಬಹುಮಾನ. ಹೋದ ವರ್ಷ ನಾಣಯ್ಯ ಎರಡನೆಯವನಾಗಿ ಬಂದು ಒಂದು ಕುಕ್ಕರ್ ತಂದಿದ್ದ. ಮೊದಲನೆಯವನಿಗೂ ತನಗೂ ನಡುವೆ ಇದ್ದದ್ದು ಟೈರು ಮಾತ್ರ ಎಂದು ಆವತ್ತೇ ತೀರ್ಮಾನ ಮಾಡಿಬಿಟ್ಟಿದ್ದ.

"ಎರಡನೇ ಬಂದದ್ದು ಈ ಟೈರಲ್ಲೇ ಅಲ್ವಾ? ಇದಕ್ಕೆ ಎಂತ ಆಗಿದೆ?" ಎಂದಳು ಗಂಗಮ್ಮ. ಅಷ್ಟರಲ್ಲಿ ನಾಣಯ್ಯ ಡಬ್ಬಿಯ ದುಡ್ಡನ್ನು ಜೇಬಿಗೆ ಹಾಕಿಕೊಂಡು ಜೀಪು ಹತ್ತಿ ಆಗಿತ್ತು.

ಮಿಲನ್‌ನ ಟೈರ್ ಅಂಗಡಿಗೆ ನಾಣಯ್ಯ ಹೋದದ್ದು ಒಂದು ಇಂಚು ದೊಡ್ಡದು ಹಾಕಿಸಿಕೊಳ್ಳುವುದಕ್ಕೆ. ಆದರೆ ಅಂಗಡಿಯ ಬೆಂಚಿನ ಮೇಲೆ ಲಾರಿ ಓಡಿಸುವ ಬೀರ ಕೂತಿದ್ದ.

"ಒಂದು ಇಂಚಾ? ಕೆಸರಿಗೆ ಗೊತ್ತೇ ಆಗುದಿಲ್ಲ ಅಣ್ಣ. ಮೂವತ್ತೊಂದು ಇಂಚಿನದು ಹಾಕಿ."

"ಮೂವತ್ತೊಂದು ಈಗ ಹೆಂಗಸರ ಸ್ಕೂಟರಿಗೂ ಹಾಕ್ತಾರೆ," ಎಂದು ಮಿಲನ್ ನಗದೆ ಹೇಳಿ ಒಳಗಿನಿಂದ ಮೂವತ್ತಮೂರು ಇಂಚಿನದನ್ನು ಉರುಳಿಸಿಕೊಂಡು ಬಂದ. ಮೈತುಂಬ ಹಲಸಿನ ಹಣ್ಣಿನಂಥ ಮುಳ್ಳು. ನಿಲ್ಲಿಸಿದರೆ ನಾಣಯ್ಯನ ಸೊಂಟಕ್ಕೆ ಬರುತ್ತಿತ್ತು. ನಾಣಯ್ಯ ಅದನ್ನು ಮದುವೆಗೆ ಹೆಣ್ಣು ನೋಡುವವನ ಹಾಗೆ ಸುತ್ತು ಹಾಕಿ ನೋಡಿದ. ಮುಳ್ಳನ್ನು ಮೆಲ್ಲಗೆ ಒತ್ತಿದ. ಮುಗಿಯಿತು.

ಹೊರಗೆ ಗಂಗಮ್ಮನ ತಮ್ಮ ಪೊನ್ನಪ್ಪ ತನ್ನ ಜೀಪಿಗೆ ಒರಗಿ ನಿಂತಿದ್ದ. ಅದೂ ಅದೇ ಮಾದರಿಯ ಹಳೇ ಜೀಪು. ಅದರ ಟೈರುಗಳು ನುಣ್ಣಗೆ ಅಜ್ಜನ ತಲೆಯ ಹಾಗಿದ್ದವು. ಆ ಕಾರಣಕ್ಕೇ ಹೋದ ವರ್ಷ ಅವನನ್ನು ಗದ್ದೆಗೆ ಇಳಿಸಿರಲಿಲ್ಲ.

"ಬಾವ, ಬಿಚ್ಚಿದ ಟೈರ್ ಎಂತ ಮಾಡ್ತೀರಿ?"

"ತಕೊಂಡು ಹೋಗು ಮಾರಾಯ. ಬೇಲಿ ಬದಿ ಇಟ್ಟು ಹೂವಿನ ಗಿಡ ನೆಡು," ಎಂದ ನಾಣಯ್ಯ. ಐವತ್ತು ಸಾವಿರ ಖರ್ಚು ಮಾಡುತ್ತಿರುವವನಿಗೆ ಸಣ್ಣ ಬುದ್ಧಿ ಒಪ್ಪುವುದಿಲ್ಲ.

ಹೊಸ ಟೈರಿನ ಮೇಲೆ ಜೀಪು ಕೊಕ್ಕರೆಯಂತೆ ನಿಂತಿತು. ಕೂತರೆ ಕಾಫಿ ತೋಟದ ಬೇಲಿಯಾಚೆ ಯಾರ ಮನೆಯಲ್ಲಿ ಯಾರು ಹಲ್ಲುಜ್ಜುತ್ತಿದ್ದಾರೆ ಎನ್ನುವುದೂ ಕಾಣುತ್ತಿತ್ತು. ಆದರೆ ಸ್ಟೇರಿಂಗು ಪೂರ್ತಿ ತಿರುಗಿಸಿದರೆ ಟೈರು ಎಲ್ಲಿಗೋ ಉಜ್ಜಿ ಹಂದಿ ಕಿರುಚಿದಂತೆ ಸದ್ದು. ಹಾಗಾಗಿ ಪ್ರತಿ ತಿರುವಿನಲ್ಲೂ ನಾಣಯ್ಯ ಎರಡು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಮೊದಲು ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಈಗ ಫಸ್ಟ್ ಗೇರಿನಲ್ಲೂ ಜೀಪು ಏದುಸಿರು ಬಿಡುತ್ತ ಹತ್ತಿತು.

ಭಾನುವಾರ ಓಟಕ್ಕೆ ಹೊರಟಾಗ ಬಸ್‌ಸ್ಟಾಪಿನಲ್ಲಿ ನೆರೆಮನೆಯ ಬೆಳ್ಳಮ್ಮ ಕೈ ಅಡ್ಡ ಹಿಡಿದರು. ಕಾಲೆತ್ತಿದರು, ಮೆಟ್ಟಿಲು ಎಟುಕಲಿಲ್ಲ. ಇನ್ನೊಂದು ಕಾಲೆತ್ತಿದರು, ಅದಕ್ಕೂ ಎಟುಕಲಿಲ್ಲ.

"ಇದೆಂಥ ಜೀಪಾ, ಅಟ್ಟವಾ? ಏಣಿ ಇಟ್ಕೊಂಡು ತಿರುಗು ನಾಣಯ್ಯ!" ಎಂದವರು ಹಿಂದೆಯೇ ಬಂದ ಪೊನ್ನಪ್ಪನ ಜೀಪನ್ನು ಸಲೀಸಾಗಿ ಹತ್ತಿ ಕೂತರು. ಆ ಜೀಪಿನ ಅಡಿಯಲ್ಲಿ ತನ್ನ ಹಳೇ ಟೈರುಗಳಿರುವುದನ್ನು ನಾಣಯ್ಯ ಅಷ್ಟು ಎತ್ತರದಿಂದ ಗಮನಿಸಲಿಲ್ಲ.

ಗದ್ದೆಯ ಬದಿಯಲ್ಲಿ ಹೆಸರು ಬರೆದುಕೊಳ್ಳುವ ತುಳಸಿ ಅಳತೆಯ ಟೇಪು ಹಿಡಿದು ಬಂದಳು. ಟೈರಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು.

"ನಾಣಯ್ಯಣ್ಣ, ನೀವು ಆ ಸಾಲಿಗೆ ಹೋಗಿ."

ಆ ಸಾಲಿನಲ್ಲಿ ಮನೆಗಳಷ್ಟು ದೊಡ್ಡ ಗಾಡಿಗಳು ನಿಂತಿದ್ದವು. ಒಂದೊಂದಕ್ಕೂ ಮುಂದೆ ಮರ ಎಳೆಯುವಂಥ ಹಗ್ಗದ ಮೋಟಾರು.

"ಯಾಕೆ? ನಾನು ಹೋದ ವರ್ಷ ಈ ಸಾಲಲ್ಲೇ ಓಡಿಸಿದ್ದು!"

"ಹೋದ ವರ್ಷ ನಿಮ್ಮದು ಕಂಪನಿ ಅಳತೆಯ ಟೈರು. ಇಪ್ಪತ್ತೊಂಬತ್ತು ಇಂಚು ದಾಟಿದ್ರೆ ದೊಡ್ಡ ಸಾಲು. ಹೋದ ವರ್ಷ ಮೈಕಲ್ಲಿ ಹೇಳಿದ್ರಲ್ಲ?"

ಹೇಳಿದ್ದರು. ಆಗ ನಾಣಯ್ಯ ಮೊದಲು ಬಂದವನ ಟೈರು ನೋಡುತ್ತಿದ್ದ.

"ಆಗಲಿ, ಮೆಷಿನ್ ಯಾವ ಸಾಲಿಗಾದರೆ ಏನು!"

"ಮೆಷಿನ್ ಸಣ್ಣ ಸಾಲಿಗೆ ಮಾತ್ರ ಅಣ್ಣ. ಇವರಿಗೆ ಬರೀ ಹಿತ್ತಾಳೆಯ ಕಪ್ಪು. ಇಷ್ಟು ಟೈರು ಹಾಕಿಸುವವರ ಮನೆಯಲ್ಲಿ ಮೆಷಿನ್ ಇರುದಿಲ್ವಾ?"

ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು? ಕಪ್ಪಾದರೂ ಇರಲಿ ಎಂದು ನಾಣಯ್ಯ ಜೀಪನ್ನು ಗದ್ದೆಗೆ ಇಳಿಸಿದ. ಟೈರೇನೋ ಕೆಸರನ್ನು ಕಚ್ಚಿ ಹಿಡಿಯಿತು. ಹಿಡಿದದ್ದನ್ನು ತಿರುಗಿಸುವ ಶಕ್ತಿ ಹಳೇ ಎಂಜಿನ್ನಿಗಿರಲಿಲ್ಲ. ನಡುಗದ್ದೆಯಲ್ಲಿ ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾಣಯ್ಯ ಕೆಳಗಿಳಿದ. ಎಷ್ಟು ಎತ್ತರದಿಂದ ಇಳಿಯುತ್ತಿದ್ದೇನೆಂಬುದು ಮರೆತಿತ್ತು. ಸೊಂಟದವರೆಗೆ ಹೂತು, ಬದಿಗೆ ವಾಲಿ, ಕೆಸರಿನಲ್ಲಿ ಎಮ್ಮೆಯಂತೆ ಮಲಗಿದ. ದಂಡೆಯ ಮೇಲಿಂದ ಬೀರ ಕೂಗಿದ: "ನಾನು ಆವಾಗಲೇ ಹೇಳಿದ್ದೆ ಅಣ್ಣ, ಮೂವತ್ತೊಂದು ಸಾಕೂಂತ!"

ಪಕ್ಕದ ಗದ್ದೆಯಲ್ಲಿ ಸಣ್ಣ ಸಾಲಿನ ಓಟ ಮುಗಿದ ಮೇಲೆ, ಹಗ್ಗ ಕಟ್ಟಿ ಹೊರಗೆಳೆದದ್ದು ಪೊನ್ನಪ್ಪನ ಜೀಪು. ಆಗ ನಾಣಯ್ಯನಿಗೆ ಎರಡು ವಿಷಯ ಕಂಡವು. ಒಂದು, ಆ ಜೀಪಿನ ಟೈರು. ಇನ್ನೊಂದು, ಅದರ ಹಿಂದಿನ ಸೀಟಿನಲ್ಲಿ ಬೆಳ್ಳಮ್ಮನ ಪಕ್ಕ ರಿಬ್ಬನ್ ಕಟ್ಟಿ ಇಟ್ಟಿದ್ದ ಮೆಷಿನ್ನು.

"ಸಣ್ಣ ಸಾಲಲ್ಲಿ ಫಸ್ಟ್ ಬಾವ! ಏನು ಹಿಡಿತ ಮಾರಾಯ್ರೆ ನಿಮ್ಮ ಟೈರಿಗೆ!"

"ಬೇಲಿ ಬದಿ ಇಡು ಅಂದದ್ದಲ್ವಾ?"

"ಇಡ್ತೇನೆ. ಸವೆದ ಮೇಲೆ."

ಪೊನ್ನಪ್ಪ ಮೆಷಿನ್ನನ್ನು ನೇರ ಗಾಳಿಬೀಡಿಗೆ ತಂದು ಅಕ್ಕನ ಜಗಲಿಯಲ್ಲಿ ಇಳಿಸಿದ. "ಟೈರ್ ಬಾವಂದು, ಓಟ ನಂದು, ಮೆಷಿನ್ ನಿನಗೆ ಅಕ್ಕ." ಗಂಗಮ್ಮ ತಮ್ಮನಿಗೆ ಕೋಳಿ ಸಾರು ಬಡಿಸಿದಳು.

ಅಂತೂ ಮೆಷಿನ್ ಬಂತಲ್ಲ ಎಂದು ನಾಣಯ್ಯನಿಗೂ ಜೀವ ಬಂತು. ತೊಟ್ಟಿದ್ದ ಅಂಗಿ, ಪ್ಯಾಂಟು ಬಿಚ್ಚಿ ಟವೆಲ್ ಸುತ್ತಿಕೊಂಡು, ಎರಡು ಬುಟ್ಟಿ ಕೆಸರನ್ನು ಹೊತ್ತ ಆ ಬಟ್ಟೆಯೊಂದಿಗೆ ಮೆಷಿನ್ನಿನ ಮುಚ್ಚಳ ಎತ್ತಿದ.

"ಅದನ್ನು ಅಲ್ಲೇ ಬಿಡಿ!" ಅಡುಗೆಮನೆಯಿಂದಲೇ ಗಂಗಮ್ಮ ಕೂಗಿದಳು. "ಇಷ್ಟು ಕೆಸರು ಹಾಕಿದ್ರೆ ಒಂದೇ ದಿನಕ್ಕೆ ಹೋದೀತು ನನ್ನ ಮೆಷಿನ್. ಒಗೆಯುವ ಕಲ್ಲು ಹಿತ್ತಲಲ್ಲಿ ಉಂಟು. ಮತ್ತೆ, ಕೋಳಿ ದುಡ್ಡು ಡಬ್ಬಿಗೆ ಯಾವಾಗ ಬರ್ತದೆ?"

ಐವತ್ತು ಸಾವಿರ ಹೋಯಿತು. ಹಳೇ ಟೈರು ಹೋಯಿತು. ಹೊಸ ಟೈರಿನ ಜೀಪು ಶೆಡ್ಡಿನೊಳಗೆ ಹಿಡಿಸದೆ ಅಂಗಳದಲ್ಲಿ ಮಳೆಗೆ ನೆನೆಯುತ್ತಿತ್ತು. ಮನೆಗೆ ಮೆಷಿನ್ ಬಂತು. ನಾಣಯ್ಯ ಹಿತ್ತಲಲ್ಲಿ ಕೊಡೆ ಹಿಡಿದು, ಒಂದೇ ಕೈಯಲ್ಲಿ ಪ್ಯಾಂಟು ಒಗೆದ.