ಶಿಕಾಗೊ ಕಳಿಸಿದ ಅಧ್ಯಕ್ಷರು

ನಮ್ಮ ಸೌತ್‌ಫೀಲ್ಡ್ ಕನ್ನಡ ಶಾಖೆಯಲ್ಲಿ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ. ಇಲ್ಲಿನ ಕನ್ನಡ ಸಂಘಗಳ ಒಕ್ಕೂಟದ ಕೇಂದ್ರ ಇರುವುದು ಶಿಕಾಗೊದಲ್ಲಿ. ಶಾಖೆಗಳಿಗೆ ಪೂರ್ಣ ಸ್ವಾಯತ್ತತೆ ಇದೆಯಂತೆ, ಆದರೆ ಶಾಖೆಯ ಅಧ್ಯಕ್ಷರನ್ನು ನೇಮಿಸುವವರು ಕೇಂದ್ರದವರೇ, ದೆಹಲಿಯವರು ರಾಜ್ಯಪಾಲರನ್ನು ಕಳಿಸಿದ ಹಾಗೆ. ಚುನಾವಣೆ ಮಾಡಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟವಳು ನಾನು.

ಊರಲ್ಲಿಲ್ಲದ ಅಧ್ಯಕ್ಷರು

ಹೋದ ಸಲ ನೇಮಕವಾದವರು ಒಳ್ಳೆಯ ಮನುಷ್ಯರೇ. ಆದರೆ ನೇಮಕದ ಪತ್ರ ಬರುವಷ್ಟರಲ್ಲಾಗಲೇ ಮನೆ ಮಾರಿ ಡಲ್ಲಾಸ್‌ಗೆ ಹೋಗಿದ್ದರು. ಶಿಕಾಗೊಗೆ ಫೋನ್ ಮಾಡಿದೆ.

"ಸರ್, ನಮ್ಮ ಅಧ್ಯಕ್ಷರು ಊರಲ್ಲೇ ಇಲ್ಲ."

"ಒಳ್ಳೇದೇ ಆಯ್ತಲ್ಲಮ್ಮ, ಯಾರ ಪಕ್ಷಾನೂ ವಹಿಸಲ್ಲ!"

ಸಂಕ್ರಾಂತಿಯ ದಿನ ನಾವು ಹಾಲ್ ಮುಂದಿನ ಹಿಮ ಎತ್ತಿ ಹಾಕುತ್ತಿದ್ದೆವು. ಅಧ್ಯಕ್ಷರು ವಿಡಿಯೊ ಕಾಲ್‌ನಲ್ಲಿ, ಅರ್ಧ ತೋಳಿನ ಅಂಗಿಯಲ್ಲಿ ಬಂದು, "ಬಿಸಿಲು ಚೆನ್ನಾಗಿದೆ, ಕಾರ್ಯಕ್ರಮ ಹೊರಗಡೇನೇ ಇಟ್ಕೊಳ್ಳಿ" ಎಂದರು.

ಸ್ವಾಯತ್ತ ಅಡುಗೆ

ಯುಗಾದಿಗೆ ಪುಳಿಯೋಗರೆಯೋ ಬಿಸಿಬೇಳೆಬಾತೋ ಎಂದು ಕೇಂದ್ರವನ್ನು ಕೇಳಬೇಕಾಯಿತು. ಹಬ್ಬದೂಟ ಮುಗಿದು ಪಾತ್ರೆ ತೊಳೆಯುವಾಗ ಉತ್ತರ ಬಂತು: "ಇದು ನಿಮ್ಮದೇ ತೀರ್ಮಾನ. ಬಿಸಿಬೇಳೆಬಾತ್ ಮಾಡಿ."

ಕಣ್ಣು ಮುಚ್ಚಿ ಮತದಾನ

ನನ್ನ ಕಾಟ ತಡೆಯಲಾರದೆ ಕೇಂದ್ರದ ಅಧ್ಯಕ್ಷರು ಕೊನೆಗೂ ಒಪ್ಪಿದರು. "ಸಮಸಮ ಬಂದ್ರೆ ಮಾತ್ರ ನಾವೇ ನೇಮಿಸ್ತೀವಿ" ಎಂದು ಷರತ್ತು ಹಾಕಿ, ಖುದ್ದಾಗಿ ಡ್ರೈವ್ ಮಾಡಿಕೊಂಡು ಬಂದರು.

ನಿಂತವರು ಇಬ್ಬರು: ರಾಚೆಸ್ಟರ್ ಹಿಲ್ಸ್‌ನ ಆಂಟಿ, ಆಬರ್ನ್ ಹಿಲ್ಸ್‌ನಲ್ಲಿ ಕೆಲಸ ಮಾಡುವ ಧಾರವಾಡದ ಕಾರ್ ಎಂಜಿನಿಯರ್.

"ಅಯ್ಯೋ, ಅವರೇ ಆಗ್ಲಿ" ಎಂದರು ಆಂಟಿ.

"ನಾ ಯಾಕ್ರೀ, ಆಂಟೀನೇ ಛಲೋ ಮಾಡ್ತಾರ" ಎಂದರು ಎಂಜಿನಿಯರ್.

ಕೈ ಎತ್ತಿ ಅಂದರೆ, ನಮ್ಮ ಜನ ದಾಕ್ಷಿಣ್ಯಕ್ಕೆ ಇಬ್ಬರಿಗೂ ಎತ್ತಿದರು! ನನಗೆ ಮೈ ಉರಿಯಿತು. ಶಿಕಾಗೊದವರು ನಗುತ್ತ ಎದ್ದರು. "ಸಮ ಆಯ್ತು, ಹಾಗಾದ್ರೆ ನಾವೇ..."

"ಕೂತ್ಕೊಳ್ಳಿ ಸರ್" ಎಂದೆ. "ಎಲ್ಲರೂ ಕಣ್ಣು ಮುಚ್ಚಿ. ಒಬ್ಬರಿಗೆ ಮಾತ್ರ ಕೈ ಎತ್ತಿ. ಕಣ್ಣು ಬಿಟ್ಟವರಿಗೆ ಊಟ ಇಲ್ಲ."

ನಾನೂ ಶಿಕಾಗೊದವರೂ ಎಣಿಸಿದೆವು. ಆಂಟಿ ಒಂದೇ ಮತದಿಂದ ಗೆದ್ದರು. ಶಿಕಾಗೊ ನೇಮಕಕ್ಕೆ ಅಂತೂ ಮಂಗಳ ಹಾಡಿದೆವು.

ಊಟದ ಸಾಲಿನಲ್ಲಿ ಆಂಟಿ ಹಿಗ್ಗಿ ಹೀರೇಕಾಯಿಯಾಗಿದ್ದರು. "ನಮ್ಮನೆಯವರ ಓಟಿಂದಲೇ ಗೆದ್ದಿದ್ದು ನೋಡಿ!"

ಕಣ್ಣು ತೆರೆದಿದ್ದವಳು ನಾನು. ಅವರ ಮನೆಯವರು, ಅಂಕಲ್, ಕೈ ಎತ್ತಿದ್ದು ಎಂಜಿನಿಯರ್‌ಗೆ. ಅವರೀಗ ಆಂಟಿಯ ಬೆನ್ನ ಹಿಂದೆ ನಿಂತು ನನಗೆ ಕೈ ಮುಗಿಯುತ್ತಿದ್ದರು. "ಹೌದು ಆಂಟಿ" ಎಂದೆ.

ಆಂಟಿ ಮುಂದೆ ಹೋದ ಮೇಲೆ, "ಯಾಕೆ ಅಂಕಲ್ ಹೀಗೆ ಮಾಡಿದ್ರಿ?" ಎಂದು ಮೆಲ್ಲಗೆ ಕೇಳಿದೆ.

"ಮದುವೆ ಆದಾಗಿನಿಂದ ಮನೇಲಿ ಅವಳೇ ಅಧ್ಯಕ್ಷೆ ಕಣಮ್ಮ. ಚುನಾವಣೆ ಅಂತ ಆಗಿದ್ದು ಇವತ್ತೇ."