ಭಾಗೀರಥಿಯನ್ನು ನಾನು ಮುಳುಗಿಸಿದ್ದು

ಪುಸ್ತಕದ ಮುನ್ನುಡಿ ಎಂದರೆ ಪುರುಸೊತ್ತಿಲ್ಲದವರಿಗಾಗಿ ಇಡೀ ಪುಸ್ತಕವನ್ನು ಬಟ್ಟಿ ಇಳಿಸಿದ ಸಾರ ಎಂದೇ ನಾನು ಬಹುಕಾಲ ನಂಬಿದ್ದೆ. ಹಾಗಾಗಿ ಹೆಣ್ಣು ನೋಡಲು ಕಾರ್ಕಳಕ್ಕೆ ಹೋದಾಗ, ಕಪಾಟು ತುಂಬ ಪುಸ್ತಕವಿದ್ದ ನವ್ಯಶ್ರೀ "ನೀವು ಓದುವುದುಂಟಾ?" ಎಂದದ್ದಕ್ಕೆ, "ಓದದೆ ಬದುಕುವುದು ಹೇಗೆ!" ಎಂದುಬಿಟ್ಟೆ. ಮುನ್ನುಡಿಗಳ ಲೆಕ್ಕದಲ್ಲಿ ನಾನು ಮಹಾಪಂಡಿತನೇ!

ಮದುವೆಯಾಗಿ, ಮಲ್ಲಿಗೆ ಬೆಳೆದು ಮಾರುವ ಇನ್ನಂಜೆಯ ನಮ್ಮ ಮನೆಗೆ ಬಂದವಳು ಇಟ್ಟಿಗೆಯಷ್ಟು ದಪ್ಪದ ಕಾದಂಬರಿಯೊಂದನ್ನು ಕೈಗಿತ್ತಳು.

"ಓದಿ ದಿನಾ ಸ್ವಲ್ಪ ಸ್ವಲ್ಪ ಕತೆ ಹೇಳಿ. ಬೆಳಿಗ್ಗೆ ಮಲ್ಲಿಗೆ ಕಟ್ಟುವಾಗ ನನಗೂ ಅತ್ತೆಗೂ ಹೊತ್ತು ಹೋಗ್ತದೆ."

"ಒಂದೇ ತಿಂಗಳು! ಮುಗಿಸದಿದ್ದರೆ ಕೇಳು!" ಎಂದು ಭೀಷ್ಮಪ್ರತಿಜ್ಞೆ ಮಾಡಿದೆ.

ಮಣಿಪಾಲದ ಆಫೀಸಿಗೆ ಹೋಗುವ ಬಸ್ಸೇ ನನ್ನ ವಾಚನಾಲಯ. ಆದರೆ ಆ ವಾಚನಾಲಯಕ್ಕೆ ಕಿಟಕಿ, ಕಿಟಕಿಗೆ ಗಾಳಿ! ಕಟಪಾಡಿ ಬರುವ ಮೊದಲೇ ನಾನು ಕುಂಭಕರ್ಣನ ವಂಶಸ್ಥ. ಕಥಾನಾಯಕಿ ಭಾಗೀರಥಿ ಹೊಳೆ ದಾಟಲು ದೋಣಿ ಹತ್ತಿದಲ್ಲಿಗೆ ನನ್ನ ಓದು ನಿಂತಿತು.

ಹೆಂಡತಿಯೆದುರು ಓದುಗನೆಂಬ ಮರ್ಯಾದೆ ಹೋಗಬಾರದಲ್ಲ! ಮುಂದಿನ ಕತೆ ನಾನೇ ಹೊಸೆಯತೊಡಗಿದೆ. ಬಿರುಗಾಳಿ ಎಬ್ಬಿಸಿದೆ. ಸತ್ತನೆಂದುಕೊಂಡಿದ್ದ ಚಿಕ್ಕಪ್ಪನನ್ನು ದುಬೈಯಿಂದ ಕರೆಸಿ ಅದೇ ದೋಣಿಗೆ ಹತ್ತಿಸಿದೆ. ಭಾಗೀರಥಿ ಬಸುರಿಯಾದಳು. ಮೂರು ವಾರವಾದರೂ ದೋಣಿ ದಡ ಸೇರಲಿಲ್ಲ! ಪಕ್ಕದ ಮನೆಯ ಆನ್ಸಿಲ್ಲಾ ಬಾಯಿ ತಮ್ಮ ಹೂವಿನ ಬುಟ್ಟಿಯನ್ನೂ ನಮ್ಮ ಜಗಲಿಗೇ ತಂದರು. ನವ್ಯಶ್ರೀ ಮಾತ್ರ ತಲೆಯೆತ್ತಲಿಲ್ಲ. ಬಂದ ಹೊಸತರಲ್ಲಿ ಬಾಳೆನಾರು ಹಿಡಿಯಲು ತಿಳಿಯದಿದ್ದವಳು! ಈಗ ಅವಳ ಬೆರಳುಗಳ ಓಟ ನೋಡಿದರೆ ನನಗೇ ಕತೆ ಮರೆಯುತ್ತಿತ್ತು.

ಪ್ರತಿಜ್ಞೆಯ ಕೊನೆಯ ಭಾನುವಾರ ಬಂತು. ಹೇಗಾದರೂ ಮುಗಿಸಬೇಕು! "ದೋಣಿ ಮಗುಚಿತು. ಭಾಗೀರಥಿ ನೀರುಪಾಲು!" ಎಂದು ಕೈ ತೊಳೆದುಕೊಂಡೆ.

ಅಮ್ಮನ ಕೈಯಿಂದ ನಾರು ಬಿತ್ತು. "ಬಸುರಿಯನ್ನು ಕೊಂದೆಯಲ್ಲ ಮಗ!"

ಆನ್ಸಿಲ್ಲಾ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. "ನೀನು ಮನುಷ್ಯನಾ ಮಾರಾಯ?"

ಇಬ್ಬರೂ ಸೆರಗಿನಿಂದ ಕಣ್ಣೊರೆಸುತ್ತ ಕುಳಿತರು. ಚಾಪೆಯ ಮೇಲೆ ಮೊಗ್ಗಿನ ರಾಶಿ! ಬಿಸಿಲೇರಿ ಅರಳಿದರೆ ಕೊಳ್ಳುವವರಿಲ್ಲ. ಮಲ್ಲಿಗೆ ಯಾರ ಸೂತಕಕ್ಕೂ ಕಾಯುವುದಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಹೂ ಒಯ್ಯುವ ವಾಸುವಿನ ಸ್ಕೂಟರಿನ ಹಾರ್ನ್!

"ಅತ್ತೆ, ಅಳ್ಬೇಡಿ!" ನವ್ಯಶ್ರೀ ಮೊದಲ ಸಲ ಬಾಯಿಬಿಟ್ಟಳು. "ಅವಳು ಸಾಯ್ಲಿಲ್ಲ. ಬಲೆ ಬೀಸುವವರು ಎತ್ತಿದ್ರು."

"ಮಗುವಿಗೆ?" ಆನ್ಸಿಲ್ಲಾ ಬಾಯಿ ಸೆರಗು ಕೆಳಗಿಳಿಸಿದರು.

"ಎಂತದೂ ಆಗ್ಲಿಲ್ಲ. ಹೆಣ್ಣು ಹುಟ್ಟಿತು. ಬೇಗ ಕಟ್ಟಿ, ಹೆಸರು ಆಮೇಲೆ ಹೇಳ್ತೇನೆ!"

ಬೆರಳುಗಳಿಗೆ ಮತ್ತೆ ಜೀವ ಬಂತು. ವಾಸು ಗೊಣಗುತ್ತಾ ಕಾದ, ಹೂವೆಲ್ಲ ಅವನ ಸ್ಕೂಟರ್ ಏರಿತು. ನಾನು ತಿಂಗಳಿಡೀ ತಿಣುಕಿದ್ದನ್ನು ಇವಳು ಒಂದು ಹಾರ್ನ್ ಮುಗಿಯುವುದರೊಳಗೆ ಮಾಡಿದ್ದಳು! ಮನಸ್ಸಿನಲ್ಲೇ ಅಡ್ಡಬಿದ್ದು ಅಡುಗೆಮನೆಗೆ ಹಿಂಬಾಲಿಸಿದೆ.

"ನೀನು ಆ ಪುಸ್ತಕ ಓದಿದ್ದೀಯಾ?"

"ಮದುವೆಗೆ ಮೊದಲೇ. ಎರಡು ಸಲ."

"ಮತ್ತೆ... ಭಾಗೀರಥಿ?"

"ಆಚೆ ದಡದಲ್ಲಿ ಇಳೀತಾಳೆ. ಅದೇ ಪುಟದಲ್ಲಿ."

"ಓದುವ ಗಂಡ ಅಂತ ನಂಬಿ ಬಂದವಳು ನೀನು. ಮೋಸ ಹೋದೆ ಅನ್ನಿಸ್ಲಿಲ್ವಾ?"

"ಇಲ್ಲ. ಮನೆಗೆ ಓದುವವರು ಒಬ್ಬರು ಸಾಕು. ಇಬ್ಬರೂ ಪುಸ್ತಕ ಹಿಡಿದರೆ ಹೂ ಕೊಯ್ಯುವುದು ಯಾರು? ನಾಳೆಯಿಂದ ಐದು ಗಂಟೆಗೆ ಏಳಿ."